ಲಾಂಚಿನ ಹಿಂದಿನ ಹಲಗೆ

ಭಟ್ಕಳದ ತವರುಮನೆಯಲ್ಲಿ ಎರಡು ದಿನ ಇದ್ದು ಹೊನ್ನಾವರಕ್ಕೆ ವಾಪಸು ಬಂದ ದಿನವೇ ನನ್ನ ಪಾಲಿನ ಕೊನೆಯ ಮಾಮೂಲಿ ದಿನ. ಅರವತ್ತರ ದಶಕದ ಮೊದಲ ವರ್ಷಗಳು. ಶರಾವತಿಗೆ ಆಗ ಸೇತುವೆ ಇರಲಿಲ್ಲ. ಬಸ್ಸು ಕಾಸರಕೋಡಿನ ದಡದಲ್ಲಿ ನಿಲ್ಲುತ್ತಿತ್ತು. ಗಂಟುಮೂಟೆ ಹೊತ್ತು ಇಳಿದು, ಲಾಂಚಿನಲ್ಲಿ ಹೊಳೆ ದಾಟಬೇಕು. ಮುಂದೆ ಹೋಗುವವರು ಆಚೆ ದಡದಲ್ಲಿ ಕುಮಟೆಯ ಬಸ್ಸು ಹಿಡಿಯಬೇಕು. ಆ ಲಾಂಚಿನಲ್ಲಿ ಟಿಕೆಟ್ ಕೊಡುತ್ತಿದ್ದವರು ನನ್ನ ಯಜಮಾನರು.

ಟಿಕೆಟ್ ಹರಿದು ಮುಗಿದ ಮೇಲೆ ಅವರು ಕತೆ ಶುರು ಮಾಡುತ್ತಿದ್ದರು. ಗೇರುಸೊಪ್ಪೆಯ ರಾಣಿ, ಕಾಳುಮೆಣಸು ತುಂಬಿದ ಹಡಗು, ಸಮುದ್ರದ ನಡುವಿನ ಕೋಟೆ. ಜನ ಮುಂದಿನ ಹಲಗೆಗಳಿಗೆ ಮುಗಿಬೀಳುತ್ತಿದ್ದರು. ನಾನು ಕೂರುತ್ತಿದ್ದದ್ದು ಹಿಂದೆ, ಇಂಜಿನ್ನಿನ ಪಕ್ಕದ ಹಲಗೆಯಲ್ಲಿ. ಗಂಡ ಹೆಂಡತಿ ನಾಲ್ಕು ಜನರ ಎದುರು ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅವರ ಎದುರು ಹೋಗಿ ಕೂತಿದ್ದರೆ, ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಅತ್ತೆಯ ಕಿವಿ ಮುಟ್ಟುತ್ತಿತ್ತು. ನನ್ನ ಟಿಕೆಟ್ಟನ್ನೂ ಅವರು ಬೇರೆ ಕಡೆ ನೋಡುತ್ತಲೇ ಕೊಡುತ್ತಿದ್ದರು.

ಆ ದಿನ ಅವರ ಎದುರು ಕೂತಿದ್ದವಳು ಮೀನು ಮಾರುವ ಹೆಂಗಸು. ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಬಾಯಿ ತೆರೆದು ಕೇಳುತ್ತಿದ್ದಳು. ಹೊಳೆಯ ನಡುವೆ ಇವರು ಏನೋ ಹೇಳಿ ನನ್ನ ಕಡೆಗೊಮ್ಮೆ ನೋಡಿದರು. ಮುಂದಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವಳು ತಿರುಗಿ ನನ್ನನ್ನು ನೋಡಿ ಇನ್ನಷ್ಟು ನಕ್ಕಳು. ಇಂಜಿನ್ನಿನ ಸದ್ದಿನಲ್ಲಿ ನನಗೆ ಒಂದಕ್ಷರವೂ ಕೇಳಲಿಲ್ಲ.

ಸಂಜೆ ಗಂಜಿ ಬಡಿಸುತ್ತ ಕೇಳಿದೆ. “ಆ ಬುಟ್ಟಿಯವಳಿಗೆ ಎಂತ ಹೇಳಿದ್ರಿ? ಹಲ್ಲು ಉದುರಿ ಹೊಳೆಗೆ ಬೀಳೂ ಹಂಗೆ ನಗ್ತಿದ್ಲು.”

“ಎಂತದೂ ಇಲ್ಲ ಮಾರಾಯ್ತಿ. ರಾಣಿ ಕತೆ.”

“ನಂಗೂ ಹೇಳಿ.”

“ಹಗಲಿಡೀ ಕೂಗಿ ಗಂಟಲು ಬಿದ್ದೋಗಿದೆ. ನಾಳೆ ಹೇಳ್ತೆ, ಆತಾ?”

“ಅವಳಿಗೆ ಹೇಳೂಕೆ ಗಂಟಲಿತ್ತು” ಎಂದು ಉಪ್ಪಿನಕಾಯಿ ಭರಣಿಯನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದೆ.

ಮರುದಿನ ಬೆಳಿಗ್ಗೆ ಲಾಂಚಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಾತಾಡಿಸಲು ಬಂದವರೆಲ್ಲ ಅವರ ಕತೆಗಳನ್ನೇ ಹೇಳಿದರು. ಅರಬರ ಕುದುರೆಗಳು ಕುಮಟೆ ಬಂದರಿನಲ್ಲಿ ಇಳಿದದ್ದನ್ನು ಅವರ ಬಾಯಲ್ಲೇ ಕೇಳಬೇಕು ಎಂದರು ಕುಮಟೆಯ ಒಬ್ಬ ಮಾಸ್ತರರು. ಭಟ್ಕಳದ ಬಟ್ಟೆ ಅಂಗಡಿಯ ಸಾಹೇಬರು ಅದೇ ಕುದುರೆಗಳನ್ನು ಭಟ್ಕಳದಲ್ಲಿ ಇಳಿಸಿದರು. ಕೇಳುವವರ ಊರು ನೋಡಿ ನನ್ನ ಗಂಡ ಬಂದರನ್ನೇ ಬದಲಿಸುತ್ತಿದ್ದರೆಂದು ಆಗ ತಿಳಿಯಿತು. ನಗು ಬಂತು, ಅದರ ಹಿಂದೆಯೇ ಹೊಟ್ಟೆ ಉರಿಯಿತು. ಟಿಕೆಟ್ ತೆಗೆದುಕೊಂಡವರಿಗೆಲ್ಲ ಅವರದೊಂದು ಕತೆ ಸಿಕ್ಕಿತ್ತು. ಹನ್ನೊಂದು ವರ್ಷ ಅನ್ನ ಬಡಿಸಿದ ನನಗೆ ಸಿಕ್ಕಿದ್ದು ಉಪ್ಪು ಕಮ್ಮಿ, ಛತ್ರಿ ಎಲ್ಲಿ, ಇಂಥ ಮಾತುಗಳು.

ಕೆಲವು ತಿಂಗಳ ನಂತರ ಮತ್ತೆ ಲಾಂಚು ಹತ್ತಿದೆ. ಟಿಕೆಟ್ ಕೊಡುವವರು ಬೇರೆ. ಮುಂದಿನ ಹಲಗೆಯಲ್ಲಿ ಕೂರಲು ನನಗೆ ಈಗ ಯಾವ ಅಡ್ಡಿಯೂ ಇರಲಿಲ್ಲ. ಬುಟ್ಟಿಯವಳ ಪಕ್ಕದಲ್ಲೇ ಕೂತು, ಆ ದಿನ ಏಕೆ ನಕ್ಕಿದ್ದೆಂದು ಕೇಳಿದೆ.

“ಅದಾ ಅಕ್ಕಾ? ರಾಣಿ ಹೊಳೆ ದಾಟೂಕೆ ಬಂದಿದ್ಲು. ಅಂಬಿಗನಿಗೆ ಗುರ್ತೇ ಸಿಕ್ಕಲಿಲ್ಲ. ಹಿಂದೆ ಹೋಗಿ ಕೂತ್ಕ ಅಂದ. ರಾಣಿ ಮೋರೆ ಊದಿಸ್ಕಂಡು ಕೂತ್ಲು. ಹೆಂಗೆ ಅಂದ್ರೆ, ಅಗಾ, ನಮ್ಮನೆಯವಳು ಕೂತ ಹಂಗೆ ಅಂದ್ರು ನಿಮ್ಮೋರು. ಅದ್ಕೇ ನಗಾಡಿದ್ದು.”

“ಆಮೇಲೆ?”

“ಆಮೇಲೆ ರಾಣಿ ಅಲ್ಲಿಂದಲೇ ಅಂಬಿಗನ ಹತ್ರ ಒಂದು ಮಾತು ಕೇಳಿದ್ಲಂತೆ. ಅಷ್ಟೊತ್ತಿಗೆ ದಡ ಬಂತು. ಉಳಿದದ್ದು ನಾಳೆ ಅಂದ್ರು. ಅವರದ್ದು ಯಾವಾಗ್ಲೂ ಹಂಗೇ ಅಲ್ವಾ?”

ಯಾವಾಗಲೂ ಹಾಗೆ ಎಂಬುದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಹೌದೆಂದು ತಲೆಯಾಡಿಸಿದೆ.

ಆಮೇಲೆ ಮಾಸ್ತರರನ್ನು ಕೇಳಿದೆ. ತವರಿನಲ್ಲಿದ್ದ ತಮ್ಮನ ಮೂಲಕ ಸಾಹೇಬರನ್ನೂ ಕೇಳಿಸಿದೆ. ಕುದುರೆಗಳ ಕತೆ ಇಬ್ಬರಿಗೂ ಪೂರ್ತಿ ಗೊತ್ತು, ಇದು ಗೊತ್ತಿಲ್ಲ. ಹಿಂದಿನ ಹಲಗೆಯಲ್ಲಿ ಕೂತ ರಾಣಿ ಅಂಬಿಗನನ್ನು ಏನು ಕೇಳಿದಳೆಂದು ನನಗೆ ಇವತ್ತಿಗೂ ತಿಳಿದಿಲ್ಲ.