ಕಮಾನು, ಮಡಕೆ, ಮಡಕೆಯೊಳಗಿನ ಗೋಲಿ

ನಮ್ಮ ಕಾರ್ಮಿಕ ಸಂಘದ ಬ್ಯಾನರುಗಳನ್ನು ಮೂವತ್ತು ವರ್ಷ ಹೊಲಿದವಳು ದರ್ಜಿಯಕ್ಕ. ನಾವು ಘೋಷಣೆಯನ್ನು ಚೀಟಿಯಲ್ಲಿ ಗೀಚಿ ಕೊಡುತ್ತಿದ್ದೆವು. ಅವಳು ಬಿಳಿ ಬಟ್ಟೆಯಲ್ಲಿ ಗೇಣುದ್ದದ ಅಕ್ಷರ ಕತ್ತರಿಸಿ, ಕೆಂಪು ಬಟ್ಟೆಯ ಮೇಲೆ ಕೂರಿಸಿ, ಸುತ್ತ ಹೊಲಿಗೆ ಹಾಕುತ್ತಿದ್ದಳು. ಲಾಠಿ ಬಿದ್ದು ನಮ್ಮ ಬೆನ್ನು ಹರಿದದ್ದುಂಟು, ಅವಳ ಅಕ್ಷರ ಕಿತ್ತು ಬಂದದ್ದಿಲ್ಲ.

ಒಂದು ಸಲ 'ಎಲ್ಲರಿಗೂ ಶಾಲೆ' ಎಂಬ ಬ್ಯಾನರಿನ ಕೊನೆಗೆ ದುಂಡನೆಯ ಬೊಟ್ಟೊಂದು ಬಂತು. ಚೀಟಿಯ ಮೇಲೆ ನನ್ನದೇ ಲೋಟದಿಂದ ಬಿದ್ದಿದ್ದ ಚಹಾದ ಹನಿ ಅದು. ಅದನ್ನೂ ಅಳತೆ ಹಿಗ್ಗಿಸಿ, ಕತ್ತರಿಸಿ, ನೀಟಾಗಿ ಹೊಲಿದಿದ್ದಳು. ನಾವು ಒಳಗೊಳಗೇ ನಕ್ಕು, ಅವಳಿಗೆ ಏನೂ ಹೇಳದೆ, ಹೊತ್ತು ನಡೆದೆವು. ಹೀಗೇಕಾಯಿತೆಂದು ಒಬ್ಬ ಬಡ್ಡೀಮಗನೂ ಯೋಚಿಸಲಿಲ್ಲ, ನನ್ನನ್ನೂ ಸೇರಿಸಿ.

ಆಮೇಲೆ ಫ್ಲೆಕ್ಸ್ ಬಂತು, ಅವಳ ಮಂಡಿಯೂ ಹೋಯಿತು. ಹೊಲಿಗೆ ಮಷೀನು ಮನೆಯ ಕಿಟಕಿಯ ಪಕ್ಕ ಸೇರಿತು. ಮಗಳು ಬಸ್ ಕಂಡಕ್ಟರ್. ಡ್ಯೂಟಿಗೆ ಹೋಗುವಾಗ ತನ್ನ ನಾಲ್ಕು ವರ್ಷದ ಮಗು ಚೂಟಿಯನ್ನು ಅಜ್ಜಿಯ ಮಡಿಲಿಗೆ ಹಾಕಿ ಹೋಗುತ್ತಾಳೆ. ಶಾಲೆ ಶುರುವಾಗಲು ಎರಡು ತಿಂಗಳಿದ್ದಾಗ ಗೋಡೆಗೊಂದು ಅಕ್ಷರದ ಚಾರ್ಟ್ ಅಂಟಿಸಿದಳು.

"ದಿನಕ್ಕೊಂದು ಕಲಿಸಮ್ಮ. ನಿಂಗೇನು ಕಷ್ಟ, ಜೀವಮಾನವೆಲ್ಲ ಅಕ್ಷರದಲ್ಲೇ ಕಳೆದೋಳು."

ದರ್ಜಿಯಕ್ಕ ಹೂಂ ಅಂದಳು. ಅವಳಿಗೆ ಓದಲು ಬಾರದು. ಮಗಳ ಮಾರ್ಕ್ಸ್ ಕಾರ್ಡಿಗೆ ಹಾಕಿದ ಸಹಿಯೂ ಯಾರೋ ಬರೆದುಕೊಟ್ಟದ್ದರ ನಕಲು. ಈ ವಯಸ್ಸಿನಲ್ಲಿ ಮಗಳಿಗೆ ಗೊತ್ತಾದರೆ ಮುಖ ಎಲ್ಲಿಡಲಿ ಎಂಬುದೇ ಭಯ.

ಆದರೆ ಆಕಾರಗಳು ಅವಳ ಕತ್ತರಿಗೆ ಗೊತ್ತಿದ್ದವು. ನಾವು ಅವಳಲ್ಲೇ ಬಿಟ್ಟಿದ್ದ ಹಳೇ ಬ್ಯಾನರೊಂದನ್ನು ಟ್ರಂಕಿನಿಂದ ಎಳೆದು, ಚಾರ್ಟ್ ನೋಡಿ ಜೋಡಿ ಜೋಡಿಯಾಗಿ ಕತ್ತರಿಸಿ, ಅಂಚು ಹೊಲಿದಳು. ಹೊಲಿಯದೆ ಬಿಟ್ಟ ಬಾಯಿಯಿಂದ ಒಳಗೆ ಚಿಂದಿ ತುರುಕುವುದು ಚೂಟಿಯ ಕೆಲಸ. ಅಕ್ಷರವೊಂದಕ್ಕೆ ದಿಂಬೊಂದು. ಹೆಸರು ಗೊತ್ತಿಲ್ಲದ್ದಕ್ಕೆ ಹೆಸರನ್ನೂ ಅವಳೇ ಇಟ್ಟಳು.

ಸಂಘದ ವಾರ್ಷಿಕೋತ್ಸವಕ್ಕೆ 'ಎಲ್ಲರಿಗೂ ಶಾಲೆ' ಬ್ಯಾನರು ಬೇಕೆಂದು ನಾನು ಅವರ ಮನೆಗೆ ಹೋದ ಸಂಜೆ, ಆ ಬ್ಯಾನರಿನ ಕೆಂಪು ಬಟ್ಟೆಯ ದಿಂಬುಗಳ ಮೇಲೆಯೇ ಚೂಟಿ ಕವುಚಿ ಮಲಗಿ ಆಡುತ್ತಿದ್ದಳು. ಅಕ್ಷರಗಳಾಗಿ ಹೋಗಿತ್ತು ಅದು. ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಡ್ಯೂಟಿ ಮುಗಿಸಿ, ಹೆಗಲ ಚೀಲ ಇಳಿಸದೆಯೇ ಬಂದಳು.

"ಇದೇನು ಹೇಳು ಚೂಟಿ," ಎಂದು 'ಗ' ಎತ್ತಿದಳು.

"ಕಮಾನು."

"ಇದು?" 'ರ' ತೋರಿಸಿದಳು.

"ಮಡಕೆ."

'ಠ' ಎತ್ತಿದಳು.

"ಮಡಕೆಯೊಳಗೆ ಗೋಲಿ."

ಮಗಳು ಬಿದ್ದು ಬಿದ್ದು ನಕ್ಕಳು. "ಏನಮ್ಮ ಇದು, ಹೊಸ ಭಾಷೆನೇ ಕಟ್ಟಿಬಿಟ್ಟಿದ್ದೀಯ?"

ದರ್ಜಿಯಕ್ಕ ದಾರ ಪೋಣಿಸಿಯೇ ಇದ್ದ ಸೂಜಿಗೆ ಮತ್ತೆ ದಾರ ಪೋಣಿಸುತ್ತಿದ್ದಳು. ಮಗಳು ಆ ಕೈ ನೋಡಿದಳು. ನಗು ನಿಂತಿತು. ನನಗೂ ಆಗಲೇ ಆ ಚಹಾದ ಹನಿ ಅರ್ಥವಾದದ್ದು.

ಮಗಳು ಅಮ್ಮನ ಮಂಡಿಗೆ ಮಂಡಿ ತಾಗುವಂತೆ ನೆಲಕ್ಕೆ ಕೂತಳು. "ಚೂಟಿ, ಈ ಕಮಾನಿಗೆ ಶಾಲೆಲಿ ಇನ್ನೊಂದು ಹೆಸರಿದೆ. ಗ."

"ಗ," ಎಂದಿತು ಮಗು.

"ಗ," ಎಂದಳು ದರ್ಜಿಯಕ್ಕ, ಮೆಲ್ಲಗೆ. "ಅಷ್ಟೇನಾ? ಅದು ತಿನ್ನೋ ಬಟ್ಟೆ ನೋಡಿ ದೊಡ್ಡ ಹೆಸರಿರಬೇಕು ಅಂದ್ಕೊಂಡಿದ್ದೆ."

"ಮೊದಲೇ ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ಮಾರ್ಕ್ಸ್ ಕಾರ್ಡ್ ತಂದು ತೋರಿಸ್ತಿದ್ಯಾ?"

"ಎಲ್ಲಿ. ನಾನೇ ಸಹಿ ಹಾಕ್ಕೋತಿದ್ದೆ."

ಇಬ್ಬರೂ ನಕ್ಕರು. ದರ್ಜಿಯಕ್ಕ ಸೆರಗಿನಿಂದ ಮೂಗೊರೆಸಿಕೊಂಡು, 'ರ' ಎತ್ತಿ ಮಗಳ ಮುಖಕ್ಕೆ ಹಿಡಿದಳು. "ಮಡಕೆಗೇನಂತಾರೆ?" ಹಾಗೆ ಒಂದೊಂದೇ ಕೇಳುತ್ತ ಹೋದಳು. ಮಗಳು ಹೇಳಿದ್ದನ್ನು ಚೂಟಿ ಹೇಳುವುದು, ಚೂಟಿ ಹೇಳಿದ್ದನ್ನು ಅಜ್ಜಿ ಹೇಳುವುದು.

ಎಲ್ಲ ಮುಗಿದ ಮೇಲೆ ಮಷೀನಿನ ಡಬ್ಬಿಯಿಂದ ಬಿಳಿ ಬೊಟ್ಟೊಂದನ್ನು ತೆಗೆದು ನನ್ನತ್ತ ತಿರುಗಿದಳು.

"ನಿಮ್ಮ ಬ್ಯಾನರಲ್ಲಿ ಇದೊಂದು ಉಳಿದಿದೆ. ಚಾರ್ಟೆಲ್ಲ ಜಾಲಾಡಿದೆ, ಸಿಗ್ಲಿಲ್ಲ. ಇದು ಯಾವ ಅಕ್ಷರ ಹೇಳಪ್ಪ ಲೀಡರು."

"ಅದು ಅಕ್ಷರ ಅಲ್ಲಕ್ಕ. ಟೀ. ನನ್ನ ಲೋಟದ್ದು."



"ಹಂಗಾದ್ರೆ ತಗೋ, ನಿಂದೇ," ಎಂದು ಬೊಟ್ಟನ್ನು ನನ್ನ ತೊಡೆಯ ಮೇಲೆಸೆದು, ಚೂಟಿಯ ಕಡೆ ತಿರುಗಿದಳು. "ಹೂಂ ಮೇಷ್ಟ್ರೇ, ಗೋಲಿ ಇರೋದಕ್ಕೆ ಏನಂದ್ರಿ? ಮರೆತೋಯ್ತು."