ಕೊನೆಯ ರೀಲು

ಎಂಬತ್ತರ ದಶಕದಲ್ಲಿ ಬ್ಯಾಡಗಿಯ ಥಿಯೇಟರಿನಲ್ಲಿ ಚಿತ್ರ ಓಡಿಸುತ್ತಿದ್ದ ಆಪರೇಟರನ ಮುಖ ನನಗೆ ನೆನಪಿಲ್ಲ. ಮಾತಾಡುವಾಗ ಕಣ್ಣುಜ್ಜುತ್ತಿದ್ದನೆಂದು ತೋರುತ್ತದೆ. ಊರವರ ಮೆಚ್ಚಿನ ನಟ ಸಾಯುವ ಹಳೆಯ ಚಿತ್ರ ಮರಳಿ ಬಂದಾಗಲೆಲ್ಲ ಅವನು ಕೊನೆಯ ರೀಲು ಹಾಕುತ್ತಿರಲಿಲ್ಲ. ಕೇಳಿದರೆ, “ಮಂದಿ ನಕ್ಕೋತ ಮನೀಗೆ ಹೋಗ್ಲಿ ಬಿಡ್ರಿ” ಎನ್ನುತ್ತಿದ್ದ.

ಹೊಸ ಮಾಲೀಕ ಅದನ್ನು ಹಾಕಿಸಿದ. ನಾಯಕ ಸತ್ತೊಡನೆ ಜನ ಕುರ್ಚಿ ಮುರಿದರು. “ಏ ಮಗನ, ಬ್ಯಾರೆ ಪಿಚ್ಚರಿನ ರೀಲು ಹಾಕೀಯಲ್ಲೋ!”

“ಇದ ಖರೇ ರೀಲು ಅಂತ ಅವರಿಗೆ ಹೇಳು, ಇಲ್ಲಂದ್ರ ಕೆಲಸ ಬಿಡು,” ಎಂದು ಮಾಲೀಕ ಗದರಿದ.

ಬಾಗಿಲಲ್ಲಿ ಒಬ್ಬ ಮುದುಕಿ ಅಳುತ್ತ ಆಪರೇಟರನ ತೋಳು ಹಿಡಿದಳು. “ಖರೇನ ಸತ್ತನೇನೋ ತಮ್ಮಾ?”

ಅವನು ಮಾಲೀಕನತ್ತ ನೋಡಿದ. ಅಷ್ಟಂತೂ ನನಗೆ ಸ್ಪಷ್ಟವಾಗಿ ನೆನಪಿದೆ.

“ಇಲ್ಲಬೇ ಯವ್ವಾ, ನಾನ ತಪ್ಪಿ ಬ್ಯಾರೆ ರೀಲು ಹಾಕೇನಿ,” ಎಂದು ಬುತ್ತಿಡಬ್ಬಿ ಎತ್ತಿಕೊಂಡು ನಡೆದ.