ಮಾತು ಹೋಗಿ ಹಾಡು ಉಳಿದ ದೊಡ್ಡಪ್ಪ

ಮರವಜ್ರ ಕಾಯಿಸುವ ವಾಸನೆ ಈಗ ಅಪರೂಪ. ಹೋದ ವಾರ ನಮ್ಮ ಬೀದಿಯಲ್ಲಿ ಬಡಗಿಯೊಬ್ಬ ಹಳೆಯ ಕುರ್ಚಿಯ ಕಾಲಿಗೆ ಆ ಅಂಟು ಹಚ್ಚುತ್ತಿದ್ದ. ಸುಟ್ಟ ತೊಗಲಿನಂಥ ಆ ಗಾಢ ವಾಸನೆ ಮೂಗಿಗೆ ಬಡಿದದ್ದೇ ನಾನು ಲಷ್ಕರ್ ಮೊಹಲ್ಲಾದ ದೊಡ್ಡಪ್ಪನ ಮನೆಯಲ್ಲಿದ್ದೆ. ಅಪ್ಪ, ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ಸ್ಕೂಲು ಬಿಟ್ಟ ಮೇಲೆ ನಾನು ಇರುತ್ತಿದ್ದುದು ಅಲ್ಲೇ. ದೊಡ್ಡಪ್ಪ ಮುಂದಿನ ಕೋಣೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ತಿದಿಯ ಬಿರುಕಿಗೆ ತೊಗಲು ಅಂಟಿಸಿ, ಒಳಗಿನ ಧೂಳು ಊದಿ, ಕಡೆಗೆ ಒಂದು ಹಾಡು ನುಡಿಸಿ ನೋಡುತ್ತಿದ್ದರು. ಮುಖ ಗಂಟುಹಾಕಿಕೊಂಡು ಬಂದ ಗಿರಾಕಿಯೂ ಹಾಡು ಮುಗಿಯುವಷ್ಟರಲ್ಲಿ ತಲೆದೂಗುತ್ತಿದ್ದ. ಅಡುಗೆಮನೆಯಿಂದ ಜಯಮ್ಮ ದೊಡ್ಡಮ್ಮ ದನಿಗೂಡಿಸುತ್ತಿದ್ದರು. ಅವರಿಬ್ಬರಿಗೆ ಮಕ್ಕಳಿರಲಿಲ್ಲ. ಅಂಥ ಒಂದು ಮನೆ ನಿಮ್ಮ ಬಾಲ್ಯದಲ್ಲೂ ಇದ್ದೀತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಏನು ಹೇಳಹೊರಟರೂ "ಅದು... ಅದು..." ಅಷ್ಟೇ. ನೀರು ತಂದರೆ ಅದಲ್ಲ, ಹೊದಿಕೆ ತಂದರೆ ಅದೂ ಅಲ್ಲ. ಸೋತು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ಒಂದು ಸಂಜೆ ದೊಡ್ಡಮ್ಮ ಅವರೆಕಾಯಿ ಸುಲಿಯುತ್ತ ತಮ್ಮ ಪಾಡಿಗೆ ಒಂದು ಜೋಗುಳ ಹಾಡಿಕೊಳ್ಳುತ್ತಿದ್ದರು. ಎರಡನೇ ಸಾಲಿಗೆ ಮಂಚದಿಂದ ದೊಡ್ಡಪ್ಪನ ದನಿ ಸೇರಿತು. ಬರೀ ರಾಗವಲ್ಲ, ಒಂದೊಂದು ಪದವೂ ಸ್ಪಷ್ಟ.

"ಮಾತು ಬಂದ್ಬುಡ್ತು ಕಣಮ್ಮ, ನಿಮ್ಮ ದೊಡ್ಡಪ್ಪಂಗೆ ಮಾತು ಬಂದ್ಬುಡ್ತು!" ಎಂದು ದೊಡ್ಡಮ್ಮ ಮೊರ ಚೆಲ್ಲಿ ಎದ್ದರು. "ಎಲ್ಲಿ, ನನ್ ಹೆಸರು ಹೇಳ್ರೀ."

"ಅದು..." ಎಂದರು ದೊಡ್ಡಪ್ಪ.

"ಮಿದುಳಲ್ಲಿ ಮಾತಿನ ಜಾಗಕ್ಕೆ ಪೆಟ್ಟಾಗಿದೆಯಮ್ಮ. ಹಾಡಿಗೆ ಬೇರೆ ಜಾಗಗಳೂ ಇವೆ, ಅವು ಉಳ್ಕೊಂಡಿವೆ," ಎಂದು ಮಾರನೆಯ ದಿನ ನೋಡಲು ಬಂದ ಡಾಕ್ಟರು ದೊಡ್ಡಮ್ಮನಿಗೆ ಹೇಳಿದರು. "ಬೇಕಾದ್ದನ್ನ ರಾಗದಲ್ಲಿ ಹೇಳಕ್ಕೆ ಕಲಿಸಿ ನೋಡಿ." ನಾನೂ ದೊಡ್ಡಮ್ಮನೂ "ನೀರು ಬೇಕು" ಎಂಬುದಕ್ಕೆ ಒಂದು ರಾಗ ಕಟ್ಟಿದೆವು. ಎಷ್ಟೋ ತಿಂಗಳ ಮೇಲೆ ಅದೊಂದು ಬಂತು. ದೊಡ್ಡಮ್ಮನನ್ನು ಕರೆಯುತ್ತಿದ್ದ "ಜಯ" ಮಾತ್ರ ಬರಲಿಲ್ಲ. ಆದರೂ ಸಂಜೆ ಜೋಗುಳ ಶುರುವಾದರೆ ದೊಡ್ಡಪ್ಪನ ಮುಖ ಅರಳುತ್ತಿತ್ತು, ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಹಾಡು ನಿಂತರೆ ಅದೇ ಗೋಡೆ.

ಒಂದು ಭಾನುವಾರ ಮಧ್ಯಾಹ್ನ ಅವರು ದೊಡ್ಡಮ್ಮನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. "ಅದು... ಅದು..." ನೀರಲ್ಲ. ಎಲ್ಲಾದರೂ ನೋವೇ ಎಂದು ಕೇಳಿದರೆ ಅದೂ ಅಲ್ಲ. ದೊಡ್ಡಮ್ಮನ ಮುಖವನ್ನೇ ನೋಡುತ್ತಿದ್ದರು, ತುಟಿ ಏನನ್ನೋ ಹುಡುಕುತ್ತಿತ್ತು. ಆ ಒದ್ದಾಟ ನೋಡಲಾರದೆ ನಾನು ಜೋಗುಳ ಎತ್ತಿಕೊಂಡೆ. ದೊಡ್ಡಮ್ಮನೂ ಸೇರಿಕೊಂಡರು. ದೊಡ್ಡಪ್ಪ ಬೇಡ ಬೇಡವೆಂದು ತಲೆಯಾಡಿಸಿದರು. ಆದರೆ ಹಾಡು ಅವರನ್ನು ಬಿಡಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದಂತೆಯೇ ಕೊನೆಯ ಸಾಲಿನವರೆಗೂ ಹಾಡಿಸಿಕೊಂಡು ಹೋಯಿತು. ಆಮೇಲೆ ಕೈ ಬಿಟ್ಟರು. ಮಾರನೆಯ ಬೆಳಿಗ್ಗೆ ಅವರು ಏಳಲಿಲ್ಲ.

"ಏನೋ ಹೇಳಕ್ಕೆ ಬಂದ್ರು, ನಾವು ಹಾಡ್ಬುಟ್ವಲ್ಲ ಕಣಮ್ಮ," ಎಂದು ದೊಡ್ಡಮ್ಮ ಆಮೇಲಿನ ವರ್ಷಗಳಲ್ಲಿ ಎಷ್ಟೋ ಸಲ ಹೇಳಿದರು. ಈಗ ಅವರೂ ಇಲ್ಲ. ಹಾಡು ಶುರುಮಾಡಿದವಳು ನಾನು. ಅವರು ಕಡೆಯವರೆಗೂ "ನಾವು" ಎಂದೇ ಹೇಳುತ್ತಿದ್ದರು.